ಕಾರ್ಟ್‌ಗೆ ಬಿದ್ದ ಫೋನು

ಹೆಸರು: ಟೇಲರಕ್ಕ ಎಂದರೆ ಬೀದಿಗೆಲ್ಲ ಗೊತ್ತು
ವಯಸ್ಸು: ನಲವತ್ತೇಳು
ಉದ್ಯೋಗ: ಹೊಲಿಗೆ
ವಿಳಾಸ: ಔಷಧಿ ಅಂಗಡಿಯ ಮೇಲಿನ ಮಹಡಿ, ಹಿಂಬದಿಯ ಕೋಣೆ

ಠಾಣಾಧಿಕಾರಿಗಳ ಎದುರು ಕೂತು ಈ ಮೂಲಕ ತಿಳಿಸುವುದೇನೆಂದರೆ, ಸದರಿ ಕೋಣೆಯಲ್ಲಿ ನಾನೂ ನನ್ನ ಒಡಹುಟ್ಟಿದ ತಂಗಿಯೂ ಎರಡು ಮಷೀನು ಹಾಕಿಕೊಂಡು ಬಹಳ ವರ್ಷ ಒಟ್ಟಿಗೆ ಹೊಲಿದೆವು. ನೂಲು, ಗುಂಡಿ, ಜಿಪ್ಪು ಎಲ್ಲವನ್ನೂ ಒಂದು ಆನ್‌ಲೈನ್ ಅಂಗಡಿಯಿಂದ ತರಿಸುತ್ತಿದ್ದೆವು. ಇಬ್ಬರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಬೇಕಾದ್ದನ್ನು ತಂಗಿ ತನ್ನ ಫೋನಿನಲ್ಲಿ ಆರಿಸಿ ಕಾರ್ಟ್‌ಗೆ ಹಾಕುವುದು, ನಾನು ನನ್ನ ಫೋನಿನಲ್ಲಿ ನೋಡಿ ದುಡ್ಡು ಕಟ್ಟುವುದು, ಇದು ನಮ್ಮ ಪದ್ಧತಿ. ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳುವ ಜಾಯಮಾನ ಅವಳದಲ್ಲ.

ಆರು ವರ್ಷಗಳ ಹಿಂದೆ, ಬಟ್ಟೆ ಕತ್ತರಿಸುವುದು ಯಾರು ಎಂಬ ವಿಷಯಕ್ಕೆ ನಮ್ಮಿಬ್ಬರಲ್ಲಿ ಮಾತಿಗೆ ಮಾತು ಬೆಳೆಯಿತು. ಅವಳು ತನ್ನ ಮಷೀನನ್ನು ಬಾಡಿಗೆ ಗಾಡಿಗೆ ಹೇರಿಕೊಂಡು ಹೋದಳು. ನಂಬರನ್ನೂ ಬದಲಾಯಿಸಿದಳು. ಆದರೆ ಆಗಾಗ ನಮ್ಮ ಕಾರ್ಟ್‌ನಲ್ಲಿ ಒಂದು ನೂಲಿನ ಉಂಡೆ ಬಂದು ಕೂರುತ್ತಿತ್ತು. ಅದು ನಾನು ಹಾಕಿದ್ದಲ್ಲ. ಇದ್ದೇನೆ ಕಣೇ ಎಂದು ಅವಳು ಹೇಳುತ್ತಿದ್ದಾಳೆ ಎಂದೇ ತಿಳಿದು ಪ್ರತಿ ಸಲವೂ ದುಡ್ಡು ಕಟ್ಟಿ ತರಿಸಿಕೊಂಡಿದ್ದೇನೆ. ಆ ನೂಲಿನಲ್ಲಿ ಒಂದು ಎಳೆಯನ್ನೂ ಬಳಸಿಲ್ಲ.

ಕಳೆದ ತಿಂಗಳು ಸದರಿ ಕಂಪನಿಯಿಂದ ಸಂದೇಶ ಬಂತು. ಗ್ರಾಹಕರ ವಿಳಾಸ, ಪಾಸ್‌ವರ್ಡ್ ಎಲ್ಲ ಕಳುವಾಗಿವೆ, ಕಾರ್ಡ್ ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಫೋನುಗಳಿಂದ ಲಾಗ್‌ಔಟ್ ಆಗಿ, ಒಟಿಪಿ ಯಾರಿಗೂ ಕೊಡಬೇಡಿ ಎಂದಿತ್ತು. ಸಹಾಯವಾಣಿಗೆ ಫೋನ್ ಮಾಡಿ, ಕಳೆದದ್ದು ನೀವು, ಓಡಾಡಬೇಕಾದ್ದು ನಾನೋ ಎಂದು ಚೆನ್ನಾಗಿ ದಬಾಯಿಸಿದೆ. ಮಾತಾಡಿದ ಹುಡುಗಿ, “ಖಾತೆಗೆ ಯಾರು ಯಾವಾಗ ಬಂದ್ರು ಅಂತ ಬರೆದು ಕೇಳೋ ಹಕ್ಕು ನಿಮಗಿದೆ ಮೇಡಂ. ಮೊದಲು ಪಾಸ್‌ವರ್ಡ್ ಬದಲಾಯಿಸಿಬಿಡಿ” ಎಂದಳು. ನಾನು ಬ್ಯಾಂಕಿಗೆ ಹೋಗಿ ಹಳೆಯ ಕಾರ್ಡ್ ನಿಲ್ಲಿಸಿದೆ, ಖಾತೆಯಿಂದಲೂ ತೆಗೆದೆ. ಪಾಸ್‌ವರ್ಡ್ ಮಾತ್ರ ಮುಟ್ಟಲಿಲ್ಲ. ಬದಲಿಸಿದರೆ ಕಳ್ಳನ ಜೊತೆ ತಂಗಿಯೂ ಹೊರಗೆ ಬೀಳುತ್ತಾಳೆ. ಅವಳ ಮುಖಕ್ಕೆ ಬಾಗಿಲು ಹಾಕಲು ನನಗೆ ಕೈ ಬರಲಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ಗಿರಾಕಿಯೊಬ್ಬರ ಕೋಟಿಗೆ ತೋಳು ಕೂರಿಸುವ ನಡುವೆ ಖಾತೆ ತೆರೆದು ನೋಡಿದೆ. ಕಾರ್ಟ್‌ನಲ್ಲಿ ಒಂದು ದುಬಾರಿ ಫೋನು, ಕೆಳಗೆ ಒಂದು ಹೊಸ ವಿಳಾಸ. ಅವಳು ಹೋದ ಮೇಲೆ ಒಂದು ವಿಳಾಸ ಕಂಡದ್ದು ಅದೇ ಮೊದಲು. ಅಯ್ಯೋ, ಕೊನೆಗೂ ನನ್ನನ್ನು ಏನೋ ಒಂದು ಕೇಳಿದಳಲ್ಲ ಎಂದು ಹಿಗ್ಗಿಹೋದೆ. ಹಿಂದೆಮುಂದೆ ನೋಡದೆ ಹೊಸ ಕಾರ್ಡಿನಿಂದ ದುಡ್ಡು ಕಟ್ಟಿದೆ. ಅದು ಕಾರ್ಡ್ ಸಿಗದೆ ಕಳ್ಳ ಅಲ್ಲೇ ಬಿಟ್ಟುಹೋದ ಸಾಮಾನು ಎಂಬುದು ತಾವು ಬಿಡಿಸಿ ಹೇಳಿದ ಮೇಲಷ್ಟೇ ತಿಳಿಯಿತು. ಕೈಯಾರೆ ಕಳ್ಳನಿಗೆ ಫೋನು ಕೊಡಿಸಿದವಳು ನಾನೇ.

ಅದೇ ಸಂಜೆ, ಆರ್ಡರ್ ರದ್ದು ಮಾಡಲು ಎಂದು ನನ್ನ ಫೋನಿಗೆ ಮೂರು ಸಲ ಒಟಿಪಿ ಬಂತು. ನಾನು ರದ್ದು ಮಾಡಲು ಹೋಗಿರಲಿಲ್ಲ. ಇದ್ಯಾವನೋ ಕಳ್ಳನ ಕೆಲಸ ಎಂದುಕೊಂಡು, ಕಂಪನಿ ಹೇಳಿದ್ದಂತೆ ಸುಮ್ಮನಿದ್ದುಬಿಟ್ಟೆ. ಆ ಒಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದೇನೆ.

ಫೋನು ತಲುಪಿತೆಂದು ಬುಧವಾರ ಸಂದೇಶ ಬಂತು. ಗುರುವಾರ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಆ ವಿಳಾಸಕ್ಕೆ ಹೋದೆ. ಅದೊಂದು ಖಾಲಿ ಮಳಿಗೆ. ಪಕ್ಕದ ಸೈಕಲ್ ರಿಪೇರಿಯವರು, “ನಿನ್ನೆ ಯಾವನೋ ಬಾಗಿಲಲ್ಲೇ ನಿಂತು ಡಬ್ಬ ಇಸ್ಕೊಂಡು ಹೋದ. ಇಲ್ಲಿ ಹೆಂಗಸರು ಯಾರೂ ಇಲ್ಲಮ್ಮ” ಎಂದರು. ಆದರೂ ಕದ ತಟ್ಟಿದೆ. ಬೀಗ ಕಾಣಿಸಲ್ವಾ ಎಂದು ಅವರು ಕೇಳಿದರು. ಕಾಣಿಸುತ್ತೆ ಎಂದೆ. ಮತ್ತೆ ತಟ್ಟಿದೆ.

ಮನೆಗೆ ಬಂದು, ಖಾತೆಗೆ ಯಾರು ಯಾವಾಗ ಬಂದರೆಂದು ಕಂಪನಿಗೆ ಬರೆದು ಕೇಳಿದೆ. ಈ ದಿನ ಠಾಣೆಯಲ್ಲಿ ಕೂತಿದ್ದಾಗಲೇ ಉತ್ತರ ಬಂತು, ತಾವೇ ಓದಿ ಹೇಳಿದಿರಿ. ನನ್ನ ಫೋನಲ್ಲದೆ ಖಾತೆಯೊಳಗೆ ಇನ್ನೂ ಎರಡು ಫೋನುಗಳಿವೆ. ಒಂದು ಪಾಸ್‌ವರ್ಡ್ ಕಳುವಾದ ಮೇಲೆ ಬಂದದ್ದು, ಆ ದುಬಾರಿ ಫೋನನ್ನು ಕಾರ್ಟ್‌ಗೆ ಹಾಕಿದ್ದು ಅದೇ. ಇನ್ನೊಂದು ವರ್ಷಗಳಿಂದ ಇರುವುದು. ಸೋಮವಾರ ಸಂಜೆ ಆರ್ಡರ್ ರದ್ದು ಮಾಡಲು ಮೂರು ಸಲ ಪ್ರಯತ್ನಿಸಿದ್ದು ಆ ಹಳೆಯದು. ಅಂದರೆ ನಾನು ಮೋಸಹೋಗುವುದನ್ನು ನನ್ನ ತಂಗಿ ನೋಡುತ್ತಿದ್ದಳು. ಅವಳು ತಡೆಯಲು ನೋಡಿದಳು, ನಾನು ಸುಮ್ಮನಿದ್ದೆ. ಇಲ್ಲಿ ನನಗೆ ಅಳು ತಡೆಯಲಾಗಲಿಲ್ಲ, ತಾವು ನೀರು ತರಿಸಿಕೊಟ್ಟಿರಿ.

ಬಳಿಕ ತಮ್ಮ ಎದುರೇ ಎಲ್ಲ ಫೋನುಗಳಿಂದ ಲಾಗ್‌ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿದೆ. ಹೊಸದನ್ನು ಹೇಳಿಕೆಯಲ್ಲಿ ಬರೆಸಬಾರದೆಂದು ತಾವು ಗದರಿದ್ದರಿಂದ ಬರೆಸಿಲ್ಲ. ಅಕ್ಕ ಎನ್ನಲು ನಾಲಿಗೆ ಹೊರಳದ ವಯಸ್ಸಿನಲ್ಲಿ ಅವಳು ನನ್ನನ್ನು ಕರೆಯುತ್ತಿದ್ದ ಹೆಸರು ಅದು ಎಂದಷ್ಟೇ ಹೇಳುತ್ತೇನೆ. ಆ ಹೆಸರು ಬಲ್ಲವರು ಈಗ ನಾವಿಬ್ಬರೇ. ಕಳ್ಳನನ್ನು ಹಿಡಿದು ಕಾನೂನು ಪ್ರಕಾರ ಕ್ರಮ ಕೈಗೊಳ್ಳಬೇಕು. ಆದರೆ ಆ ಹೆಸರು ಒತ್ತಿ ಯಾರಾದರೂ ಖಾತೆಯೊಳಗೆ ಬಂದರೆ ಅವರ ಮೇಲೆ ನನ್ನ ದೂರಿಲ್ಲ. ಅವರು ಎಲ್ಲಿದ್ದಾರೆಂದು ನನಗೆ ಹೇಳಲು ಕಾನೂನು ಬಿಡದಿದ್ದರೆ ಬೇಡ. ಬಂದಿದ್ದರು ಎಂದಷ್ಟು ಹೇಳಿದರೆ ಸಾಕು.

ಬರೆದುಕೊಂಡದ್ದನ್ನು ನನಗೆ ಓದಿ ಕೇಳಿಸಿದಿರಿ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನಾಲ್ಕು, ಶನಿವಾರ
ಸಹಿ: (ಟೇಲರಕ್ಕ)