ಮಿಂಚುಪಟ್ಟಿಯ ನೀರು

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಡಾಕ್ಟರೇ, ನಮ್ಮನ್ನು ಪರೀಕ್ಷಿಸಿದ ಹಿರಿಯರೇ, ಇಂದು ನನ್ನೊಂದಿಗೆ ಪ್ರಮಾಣಪತ್ರ ಪಡೆಯಲಿರುವ, ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳಾಗಬಹುದಾಗಿದ್ದ ಸಹಪಾಠಿಗಳೇ, ಮತ್ತು ಸಭಿಕರೇ,

ನಿರೂಪಕರು ಇದನ್ನು ‘ಪ್ರಮಾಣಪತ್ರ ಪ್ರದಾನ ಸಮಾರಂಭದ ಕಾರ್ಯಕ್ರಮ’ ಎಂದು ಕರೆದರು. ಸಮಾರಂಭವೆಂದ ಮೇಲೆ ಮತ್ತೆ ಕಾರ್ಯಕ್ರಮವೇಕೆ? ಇರಲಿ. ನಿವೃತ್ತಳಾದರೂ ಕೆಂಪು ಶಾಯಿಯ ಚಟ ನನ್ನನ್ನು ಬಿಟ್ಟಿಲ್ಲ. ನೀವು ನಗಬಹುದು. ನನ್ನ ತರಗತಿಯಲ್ಲೂ ನಗುವುದಕ್ಕೆ ಅನುಮತಿಯಿತ್ತು, ಕೇಳಿದರೆ.

ಮಿದುಳಿಗೆ ಪೆಟ್ಟು ಬಿದ್ದವರಿಗೆ ಮರುತರಬೇತಿ ಕೊಡುವ ಕೆಲಸವನ್ನು, ಆಸ್ಪತ್ರೆಯ ಹೊರಗೆ, ಇಷ್ಟು ಕಾಲ ಯಾರು ಬೇಕಾದರೂ ಮಾಡಬಹುದಿತ್ತು. ಬಾಗಿಲಿಗೊಂದು ಫಲಕ ತೂಗುಹಾಕಿದರೆ ಸಾಕಿತ್ತು. ಮಿದುಳು ಯಾವ ವಯಸ್ಸಿನಲ್ಲೂ ಹೊಸ ದಾರಿ ಮಾಡಿಕೊಳ್ಳಬಲ್ಲದು ಎಂಬ ಒಂದೇ ವಾಕ್ಯವನ್ನು ಹಿಡಿದುಕೊಂಡು ಜನರಿಗೆ ಟೋಪಿ ಹಾಕಿದವರು ಎಷ್ಟು ಮಂದಿಯೋ! ಇದಕ್ಕೊಂದು ಪಠ್ಯ ಬೇಕು, ಪರೀಕ್ಷೆ ಬೇಕು, ಅರ್ಹತೆ ಬೇಕು ಎಂದು ಈ ಸಂಸ್ಥೆ ಹೊರಟಾಗ ಎಲ್ಲರಿಗಿಂತ ಮೊದಲು ಸಂತೋಷಪಟ್ಟವಳು ನಾನು. ಪರೀಕ್ಷೆಯನ್ನು ನಂಬದ ಶಿಕ್ಷಕಿ ಎಲ್ಲಾದರೂ ಇದ್ದಾಳೆಯೇ?

ಈಗಷ್ಟೇ ಪರದೆಯ ಮೇಲೆ ನನ್ನ ಪ್ರಾಯೋಗಿಕ ಪರೀಕ್ಷೆಯನ್ನು ನೋಡಿದಿರಿ. ಒಬ್ಬ ಮಹಿಳೆ ಚಿತ್ರಗಳಿರುವ ಮಿಂಚುಪಟ್ಟಿಗಳನ್ನು, ಅಂದರೆ ಫ್ಲ್ಯಾಶ್ ಕಾರ್ಡುಗಳನ್ನು, ನೋಡಿ ‘ಇದು ಕುರ್ಚಿ’, ‘ಇದು ಕತ್ತರಿ’, ‘ಇದು ನೀರು’ ಎಂದು ಒಂದೂ ತಪ್ಪದೆ ಹೇಳಿದಳು. ನೀವು ಚಪ್ಪಾಳೆ ತಟ್ಟಿದಿರಿ. ಪರೀಕ್ಷಕರು ಅತ್ಯುನ್ನತ ಶ್ರೇಣಿ ಕೊಟ್ಟಿದ್ದಾರೆ. ಆ ಮಹಿಳೆ ನನ್ನ ತಂಗಿ. ಅಗೋ, ಮುಂದಿನ ಸಾಲಿನ ಅಂಚಿನಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತಿದ್ದಾಳೆ. ಬೇಡ, ಮತ್ತೆ ಚಪ್ಪಾಳೆ ಬೇಡ. ಸದ್ದಿಗೆ ಬೆಚ್ಚಿಬೀಳುತ್ತಾಳೆ.

ತಂಗಿ ಹೊಲಿಗೆ ಅಂಗಡಿ ಇಟ್ಟಿದ್ದವಳು. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಗೊಂದು ನಿಲುವುಗನ್ನಡಿ. ಅಳತೆ ಕೊಡುವಾಗ ಯಾರಾದರೂ ಹೊಟ್ಟೆಯನ್ನು ಒಳಗೆಳೆದುಕೊಂಡರೆ, ‘ಉಸಿರು ಬಿಡಮ್ಮಾ! ಬಟ್ಟೆ ನಿನ್ನ ಹೊಟ್ಟೆಗೆ ಹೊಲೀಬೇಕೋ, ನಿನ್ನ ಆಸೆಗೆ ಹೊಲೀಬೇಕೋ?’ ಎನ್ನುತ್ತಿದ್ದಳು. ನಾನು ಅಂಗಡಿಗೆ ಕಾಲಿಟ್ಟರೆ ಸಾಕು, ‘ಎಲ್ರೂ ನೆಟ್ಟಗೆ ಕೂತ್ಕೊಳ್ರಪ್ಪಾ, ನಮ್ಮಕ್ಕ ಬಂದ್ಲು, ಈಗ ಹಾಜರಿ ಕೂಗ್ತಾಳೆ!’ ಅವಳ ಬಾಯಿಯಿಂದ ಒಂದು ವಾಕ್ಯ ನೆಟ್ಟಗೆ ಹೊರಟು ನೆಟ್ಟಗೆ ಮುಗಿದದ್ದನ್ನು ನಾನು ಕೇಳಿದ್ದೇ ಇಲ್ಲ.

ಪಾರ್ಶ್ವವಾಯು ಬಡಿದಾಗ ಬಲಗೈಯೂ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯ ತರಬೇತಿ ಕೋಣೆಗೆ ಅರ್ಹತೆಯಿಲ್ಲದವರಿಗೆ ಪ್ರವೇಶವಿಲ್ಲ ಎಂದರು. ಹೊರಗಿನ ಬೆಂಚಿನಲ್ಲಿ ಕುಳಿತು ಬಾಗಿಲ ಗಾಜಿನಿಂದ ಇಣುಕುತ್ತಿದ್ದೆ. ಅರ್ಹತೆ ತಾನೇ ಬೇಕಾದದ್ದು? ಅದನ್ನೇ ಪಡೆಯುತ್ತೇನೆ ಎಂದು ಈ ವಯಸ್ಸಿನಲ್ಲಿ ಅರ್ಜಿ ಹಾಕಿದೆ. ಓದಿದೆ, ಮಿದುಳಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದೆ, ಸಂಸ್ಥೆಯ ಅಭ್ಯಾಸದ ಕೋಣೆಯಲ್ಲಿ ಪಟ್ಟಿ ಹಿಡಿದು ತಂಗಿಗೆ ಕಲಿಸಿದೆ, ತರಗತಿಗೆ ಮೊದಲಿಗಳಾಗಿ ಉತ್ತೀರ್ಣಳಾದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಹೆಮ್ಮೆಪಡುವುದಕ್ಕೆ ಬೇರೇನೂ ಉಳಿದಿಲ್ಲ.

ಅಧ್ಯಕ್ಷರು ನೀರು ಕುಡಿಯಿರೆಂದು ಸನ್ನೆ ಮಾಡುತ್ತಿದ್ದಾರೆ. ಧನ್ಯವಾದ. ಲೋಟ ಅಲ್ಲೇ ಇರಲಿ.

ಪರದೆಯ ಮೇಲೆ ಕಾಣದ್ದನ್ನು ಈಗ ಹೇಳಬೇಕು. ಪರೀಕ್ಷೆ ಮುಗಿಸಿ ಬಿಸಿಲಿನಲ್ಲಿ ಮನೆಗೆ ಬಂದೆವು. ತಂಗಿಯ ತುಟಿ ಒಣಗಿತ್ತು. ಅಡುಗೆಮನೆಯ ನಲ್ಲಿಯನ್ನೇ ನೋಡುತ್ತಿದ್ದಳು. ‘ಏನು ಬೇಕೇ?’ ಎಂದೆ. ಬಾಯಿ ತೆರೆದಳು, ಮುಚ್ಚಿದಳು. ಮಿಂಚುಪಟ್ಟಿ ತಂದು ಹಿಡಿದೆ. ತಕ್ಷಣ ‘ಇದು ನೀರು’ ಎಂದಳು. ಪಟ್ಟಿಯನ್ನು ಕೆಳಗಿಟ್ಟು ನಿಜವಾದ ನೀರಿನ ಲೋಟ ಹಿಡಿದೆ. ಮತ್ತೆ ಬಾಯಿ ತೆರೆದು ಮುಚ್ಚಿದಳು. ಪಟ್ಟಿಗೆ ಮಾತು ಬಂದಿದೆ, ಬಾಯಾರಿಕೆಗೆ ಬಂದಿಲ್ಲ. ಎಡಗೈಯಿಂದ ಸನ್ನೆ ಮಾಡಬಲ್ಲಳು, ಮಾಡುವುದಿಲ್ಲ. ಬೇಕಾದದ್ದನ್ನೆಲ್ಲ ಜಗಳವಾಡಿ ಪಡೆದವಳು ಕೈಚಾಚಿ ಬೇಡುವಳೇ?

ನಲ್ಲಿಯ ಬಳಿ ಕಲಿಸಿ ನೋಡಿದೆ. ಮುಚ್ಚಿದ ಅಂಗಡಿಯ ಬಾಗಿಲು ತೆಗೆಸಿ, ಅವಳದೇ ಕತ್ತರಿಯನ್ನು ಎಡಗೈಗೆ ಕೊಟ್ಟು ನೋಡಿದೆ. ಕತ್ತರಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕಣ್ಣು ತುಂಬಿಕೊಂಡಳು. ಹೆಸರು ಬರಲಿಲ್ಲ.

ಮಿದುಳು ಬದಲಾಗುತ್ತದೆಯೇ? ಬದಲಾಗುತ್ತದೆ, ಕಣ್ಣಾರೆ ಕಂಡಿದ್ದೇನೆ. ಕಲಿಸಿದ್ದನ್ನು ಕಲಿಯುತ್ತದೆ. ಕಲಿಸಿದ್ದನ್ನೇ ಕಲಿಯುತ್ತದೆ. ಆ ಕೋಣೆ, ಆ ಮೇಜು, ಆ ಪಟ್ಟಿ. ಅಲ್ಲಿಂದ ಅಡುಗೆಮನೆಗೆ ದಾರಿ ಇದ್ದರೆ, ನನ್ನ ಪಠ್ಯಪುಸ್ತಕ ಅದನ್ನು ತೋರಿಸಲಿಲ್ಲ. ಪರೀಕ್ಷಕರಿಗೆ ಇದನ್ನು ತಿಳಿಸಿದೆ. ‘ಮೇಡಂ, ಮನೆಗೆ ಬಂದು ನೋಡೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ. ನೀವು ಪಾಸಾಗಿದ್ದೀರಲ್ಲ, ಬಿಡಿ’ ಎಂದರು. ಹೌದು, ನಾನು ಪಾಸಾಗಿದ್ದೇನೆ. ಆದರೆ ಆ ಕುರ್ಚಿಯಲ್ಲಿ ಕುಳಿತು ಪ್ರಶ್ನೆಗಳಿಗೆ ಉತ್ತರಿಸಿದವಳು ಅವಳಲ್ಲವೇ? ಅವಳ ಫಲಿತಾಂಶವೇನು?

ಸಹಪಾಠಿಗಳೇ, ನಾಳೆ ಜನ ನಿಮ್ಮ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ನೋಡಿ, ‘ನಮ್ಮವರು ಮಾತಾಡ್ತಾರಾ?’ ಎಂದು ಕೇಳುತ್ತಾರೆ. ಅವರು ಕೇಳುತ್ತಿರುವುದು ಪಟ್ಟಿಯ ಮಾತನ್ನಲ್ಲ. ಏನೆಂದು ಉತ್ತರಿಸಬೇಕೆಂದು ನನಗೆ ತಿಳಿಯದು. ಇನ್ನು ಮೇಲೆ ಆ ಗಾಜಿನ ಬಾಗಿಲು ನನಗೂ ತೆರೆಯುತ್ತದೆ. ಒಳಗೆ ಹೋಗಿ ಏನು ಮಾಡಬೇಕೆಂಬುದೂ ತಿಳಿಯದು.

ಈ ಲೋಟವನ್ನು ನಾನು ಮುಟ್ಟದೆ ಬಿಟ್ಟದ್ದಕ್ಕೆ ಕಾರಣವಿದೆ. ಆರಂಭದಿಂದಲೂ ತಂಗಿ ಇದನ್ನೇ ನೋಡುತ್ತಿದ್ದಾಳೆ. ಕೇಳಿಯಾಳೇನೋ ಎಂದು ಮಾತನ್ನು ಉದ್ದ ಮಾಡಿದೆ. ನಿಮ್ಮ ಸಮಯ ತೆಗೆದುಕೊಂಡದ್ದನ್ನು ಕ್ಷಮಿಸಿ. ‘ಏ ಅಕ್ಕಾ, ನಿನ್ ಭಾಷಣ ಸಾಕು, ಆ ನೀರ್ ಕೊಡೇ ಇಲ್ಲಿ’ ಎಂದು ತುಂಬಿದ ಸಭೆಯಲ್ಲಿ ನನ್ನ ಮಾನ ಕಳೆಯಲಿ ಎಂದು ಕಾದೆ.

ಕೇಳಲಿಲ್ಲ.

ಸಂಸ್ಥೆಗೆ, ಪರೀಕ್ಷಕರಿಗೆ, ತಾಳ್ಮೆಯಿಂದ ಕುಳಿತ ನಿಮಗೆಲ್ಲರಿಗೆ ನಾನು ಕೃತಜ್ಞಳು. ಪ್ರಮಾಣಪತ್ರವನ್ನು ಆಮೇಲೆ ಬಂದು ಸ್ವೀಕರಿಸುತ್ತೇನೆ. ಮೊದಲು ಈ ಲೋಟವನ್ನು ಕೆಳಗೆ ಕೊಂಡೊಯ್ಯಬೇಕು. ನಮಸ್ಕಾರ.