ಅಕ್ಷರಗಳ ಸರದಿ

ಮಾನ್ಯ ಅಧ್ಯಕ್ಷರಾದ ಮುಖ್ಯೋಪಾಧ್ಯಾಯಿನಿ ರಾದೊಸ್ವೆತಾ ಅವರೇ, ಮುಖ್ಯ ಅತಿಥಿಗಳೂ ನನ್ನ ಸಹಪಾಠಿಯೂ ಆದ ಹೃದಯತಜ್ಞ ಡಾಕ್ಟರ್ ವೆಸೆಲಿನ್ ಅವರೇ, ಪೋಷಕರೇ, ನಾಡಿದ್ದು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕೂರಲಿರುವ ಮಕ್ಕಳೇ, ಸಭಿಕರೇ,

ನಮ್ಮ ಲೋವೆಚ್ ಊರಿನಲ್ಲಿ ಜೀವಶಾಸ್ತ್ರಕ್ಕೆ ಇಷ್ಟು ಅಂಕ ತೆಗೆಸಿದ ಮೇಷ್ಟ್ರು ಇನ್ನೊಬ್ಬರಿಲ್ಲವೆಂದು ಹೂಗುಚ್ಛ ಕೊಟ್ಟಿದ್ದೀರಿ. ಇದರ ಗುಟ್ಟೇನು? ಹೇಳುತ್ತೇನೆ.

ವೆಸೆಲಿನ್ ಮತ್ತು ನಾನು ಇದೇ ಪರೀಕ್ಷೆಗೆ ಅಕ್ಕಪಕ್ಕ ಕೂತವರು. ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ನನಗೆ ಸಾಲಾಗಿ ನಾಲ್ಕು 'ಬಿ' ಬಂದವು. ಎದೆ ಧಸಕ್ಕೆಂದಿತು. ಪತ್ರಿಕೆ ತಯಾರಿಸುವ ನಮ್ಮ ಸರ್ಕಾರ ನಾಲ್ಕು ಸಲ ಒಂದೇ ಮಾತು ಹೇಳಿದ್ದುಂಟೇ? ಎರಡನ್ನು ತಿದ್ದಿದೆ. ನಾಲ್ಕೂ 'ಬಿ'ಯೇ ಸರಿಯಿತ್ತು!

ಹೊರಗೆ ಬಂದಾಗ ಇವನು, ಕ್ಷಮಿಸಿ, ಇವರು, "ಲೋ ಸ್ತೊಯ್ಮೆನ್, ನಾನು ಅಕ್ಷರಾನೇ ನೋಡ್ಲಿಲ್ವಲ್ಲೋ, ಪ್ರಶ್ನೆ ನೋಡ್ತಿದ್ದೆ" ಅಂದರು. ಇವರು ಡಾಕ್ಟರಾದರು, ನಾನು ಮೇಷ್ಟ್ರಾದೆ. ನನಗೇನೂ ಬೇಸರವಿಲ್ಲ. ಇವರ ಕಾರು ದೊಡ್ಡದು, ಆದರೆ ನಮ್ಮ ಬೀದಿಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ.

ನಾನು ಆಗಲೇ ಶಪಥ ಮಾಡಿದೆ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಯಾವ ಮಗುವಿನ ಎದೆಯೂ ಧಸಕ್ಕೆನ್ನಬಾರದು. ಒಂದೇ ಅಕ್ಷರ ಒಟ್ಟೊಟ್ಟಿಗೆ ಬರಕೂಡದು. ರೊಟ್ಟಿ ಅಂಗಡಿಯ ಮುಂದೆ ನಿಂತ ಹಾಗೆ ನಾಲ್ಕೂ ಅಕ್ಷರ ಸರದಿಯಲ್ಲಿ ಬರಬೇಕು. ಇಂದಿನವರೆಗೂ ತಪ್ಪಿಲ್ಲ.

ಈ ಬೆಳಿಗ್ಗೆ ನಾನು ಹೊರಡುವಾಗ ಮಗಳು ಕಲೀನಾ ಶುಭವಾಗಲೆಂದು ಹೊಸಿಲ ಮುಂದೆ ನೀರು ಚೆಲ್ಲಿದಳು. ನಾಡಿದ್ದು ಅವಳೂ ಬರೆಯುವವಳು. ಸುಮ್ಮನೆ ಕೇಳಿದೆ, "ಹೃದಯಕ್ಕೆ ಎಷ್ಟು ಕೋಣೆ ಪುಟ್ಟೀ?"

"ಆಯ್ಕೆ ಏನೇನಪ್ಪಾ?"

"ಆಯ್ಕೆ ಇಲ್ಲ, ಹೇಳು."

"ಹಂಗಾದ್ರೆ ಹಿಂದಿನ ಉತ್ತರ ಯಾವ ಅಕ್ಷರ?"

ಅಕ್ಷರ ಯಾಕೆಂದು ಕೇಳಿದೆ. "ಅಯ್ಯೋ, ನಿಮ್ಮ ಪರೀಕ್ಷೆಗೆ ಯಾರಪ್ಪಾ ಓದ್ತಾರೆ? ಮೊದಲ್ನೇದು ಗೊತ್ತಾದ್ರೆ ಮಿಕ್ಕಿದ್ದು ಸರದೀಲಿ ಬರುತ್ತೆ. ಇಡೀ ಸ್ಕೂಲಿಗೇ ಗೊತ್ತು!" ಅಂದಳು.

ನಗಬೇಡಿ ಸಭಿಕರೇ. ಹಿಂದಿನ ಸಾಲಿನವರಂತೂ ನಗಲೇಬೇಡಿ. ನಾಡಿದ್ದಿನ ಪತ್ರಿಕೆ ನನ್ನದಲ್ಲ, ಅಲ್ಲಿ ಸರದಿ ಇರುವುದಿಲ್ಲ. ನನಗೆ ನಿಜಕ್ಕೂ ಭಯವಾಗಿದೆ.

ಆದ್ದರಿಂದ ಊಟ, ಹಾಡು, ಕುಣಿತ ಎಲ್ಲ ರದ್ದು. ಅಧ್ಯಕ್ಷರು ಕೋಪಿಸಿಕೊಳ್ಳಬಾರದು. ಮಕ್ಕಳೆಲ್ಲ ಈಗಲೇ ಪ್ರಯೋಗಾಲಯಕ್ಕೆ ನಡೆಯಿರಿ. ನಿಮ್ಮ ತಾಯಂದಿರು ತಂದ, ಚೀಸ್ ತುಂಬಿದ ಬನಿತ್ಸಾ ರೊಟ್ಟಿಯನ್ನು ಅಲ್ಲಿಗೇ ತರಿಸುತ್ತೇನೆ, ಪಾಠದ ನಡುವೆ ತಿನ್ನಬಹುದು.

ಡಾಕ್ಟರೇ, ಈ ಹೂಗುಚ್ಛ ನೀವೇ ಇಟ್ಟುಕೊಳ್ಳಿ. ವೆಸೆಲಿನ್, ಇಷ್ಟು ವರ್ಷ ನಿನ್ನನ್ನು ಏನೂ ಕೇಳಿರಲಿಲ್ಲ, ಹೊಟ್ಟೆಕಿಚ್ಚು ಬಿಡಲಿಲ್ಲ. ಎರಡು ದಿನ ಇದ್ದು ನನ್ನ ಮಗಳಿಗೆ ಹೃದಯದ ಪಾಠ ಹೇಳಿಕೊಡೋ.

ಸಾವಧಾನದಿಂದ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.