ಎರಡು ಮರ ಬಿಡಿಸಿದವನು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗುರುಹಿರಿಯರೇ, ಇಂಟರ್ನ್‌ಶಿಪ್ ಹುಡುಕಿಕೊಂಡು ಪರದೇಶಕ್ಕೆ ಹೊರಟಿರುವ ವಾಸ್ತುಶಿಲ್ಪದ ವಿದ್ಯಾರ್ಥಿಗಳೇ, ಮನಸ್ಸಿಲ್ಲದ ಮನಸ್ಸಿನಿಂದ ಅವರನ್ನು ಕಳಿಸುತ್ತಿರುವ ತಂದೆತಾಯಿಗಳೇ, ಸಭಿಕರೇ,

"ಪರದೇಶದಲ್ಲಿ ನನಗೆ ಮೊದಲ ಅವಕಾಶ ಸಿಕ್ಕ ಬಗೆ" ಎಂಬ ವಿಷಯ ಕೊಟ್ಟಿದ್ದೀರಿ, ಹತ್ತೇ ನಿಮಿಷ ಎಂದಿದ್ದೀರಿ. ವಾಸ್ತುಶಿಲ್ಪಿಗಳು ಹೇಳಿದ ಸಮಯಕ್ಕೆ ಮುಗಿಸಿದ ಉದಾಹರಣೆ ಇಲ್ಲ. ಆದರೂ ಪ್ರಯತ್ನಿಸುತ್ತೇನೆ.

ಅಲ್ಲಿ ಓದುವಾಗ ನಾನು, ನನ್ನ ಗೆಳೆಯ ಒಂದೇ ಕೋಣೆಯಲ್ಲಿದ್ದೆವು. ತಲೆ ತಗ್ಗಿಸದೆ ಬಾಗಿಲು ದಾಟಲಾಗದ ಆಸಾಮಿ, ಹಾಗಾಗಿ ಎಲ್ಲರಿಗೂ ಅವನು ಉದ್ದಣ್ಣ. ವಿದೇಶಿ ವಿದ್ಯಾರ್ಥಿಗಳಿಗೆ ಒಂದು ನಿಯಮವಿತ್ತು. ಬೇಸಿಗೆ ಮುಗಿಯುವುದರೊಳಗೆ ಯಾವುದಾದರೂ ಕಚೇರಿ ನಮ್ಮನ್ನು ಇಂಟರ್ನ್ ಆಗಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ವೀಸಾ ಇಲ್ಲ, ಪದವಿಯೂ ಇಲ್ಲ. ನಾನು ಮೂವತ್ತೆಂಟು ಕಚೇರಿಗಳಿಗೆ ಅಲೆದೆ. "ನೋಡಿ ಹೇಳ್ತೀವಿ" ಎಂದವರು ಇನ್ನೂ ನೋಡುತ್ತಲೇ ಇದ್ದಾರೆ.

ನಮ್ಮಿಬ್ಬರ ಬಳಿ ತೋರಿಸುವಂಥ ನಕ್ಷೆ ಇದ್ದದ್ದು ಒಂದೇ. ಜೊತೆಯಾಗಿ ಮಾಡಿದ ಒಂದು ಗ್ರಂಥಾಲಯದ್ದು, ತಲಾ ಒಂದು ಪ್ರತಿ. ಜಂಟಿ ಕೆಲಸವಾದರೆ ಯಾರು ಏನು ಬಿಡಿಸಿದರೆಂದು ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುವುದು ಪದ್ಧತಿ. ಕಟ್ಟಡ, ಮೆಟ್ಟಿಲು, ಕಿಟಕಿ ಎಲ್ಲ ಉದ್ದಣ್ಣನದು. ಅಂಗಳದ ಎರಡು ಮರ ನನ್ನವು. ನಗಬೇಡಿ, ಮರಗಳೂ ಚೆನ್ನಾಗಿದ್ದವು.

ಹಾಳೆ ನನ್ನ ಫೈಲಿಗಿಂತ ಎರಡು ಬೆರಳು ಉದ್ದವಿತ್ತು. ಅಡಿಯ ಪಟ್ಟಿ ಕತ್ತರಿಸಿದೆ. ಮೇಲಿನಿಂದ ಕತ್ತರಿಸಬಹುದಿತ್ತಲ್ಲ ಎನ್ನುತ್ತೀರಾ? ಮೇಲೆ ಬರೀ ಆಕಾಶವಿತ್ತು. ಹೌದು, ಕತ್ತರಿಸಬಹುದಿತ್ತು.

ಮೂವತ್ತೊಂಬತ್ತನೆಯ ಕಚೇರಿಯ ಮುಖ್ಯಸ್ಥೆ ಹಾಳೆಯ ಮೇಲೆ ಬೆರಳಿಟ್ಟು, "ಈ ಮೆಟ್ಟಿಲು ನಿಂದೇನಾ?" ಎಂದು ಕೇಳಿದರು. "ಹೌದು ಮೇಡಂ" ಎಂದೆ. ಮರುದಿನವೇ ನನಗೊಂದು ಮೇಜು ಸಿಕ್ಕಿತು.

ಉದ್ದಣ್ಣನೂ ಅಲ್ಲಿಗೆ ಅರ್ಜಿ ಹಾಕಿದ್ದನಂತೆ. ನಾಲ್ಕು ದಿನದ ನಂತರ ಸಂದರ್ಶನಕ್ಕೆ ಬಂದ. ಮೇಡಂ ನನ್ನನ್ನು ಕರೆಸಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. "ಕಟ್ಟಡ ಎಲ್ಲಾ ತನ್ನದು, ಮರ ಮಾತ್ರ ನಿಂದು ಅಂತ ಬರ್ಕೊಂಡು ಬಂದಿದಾನೆ. ಏನಪ್ಪಾ ಇದು?"

ಉದ್ದಣ್ಣ ನನ್ನತ್ತ ನೋಡಿದ. ಈಗ ಇವನೇ ಹೇಳುತ್ತಾನೆಂಬ ಧೈರ್ಯದಲ್ಲಿ ಸ್ವಲ್ಪ ನಗುತ್ತಲೇ ನೋಡಿದ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಸುಳ್ಳು ಅವನದೇ ಎಂದುಕೊಂಡ ಮೇಡಂ ಅವನ ಹಾಳೆಯನ್ನು ಹಿಂದಕ್ಕೆ ಕೊಟ್ಟರು. ಬಾಗಿಲು ದಾಟುವಾಗ ಅವನು ತಲೆ ತಗ್ಗಿಸುವುದನ್ನು ಮರೆತ, ಹಣೆ ಬಡಿಯಿತು. ಆಗಲೂ ನಾನು ಹತ್ತಿರ ಹೋಗಲಿಲ್ಲ.

ಬೇಸಿಗೆ ಮುಗಿಯಿತು, ಉದ್ದಣ್ಣನನ್ನು ಯಾವ ಕಚೇರಿಯೂ ತೆಗೆದುಕೊಳ್ಳಲಿಲ್ಲ. ಸೂಟ್‌ಕೇಸ್ ತುಂಬುತ್ತಾ ಒಮ್ಮೆ ಕೇಳಿದ, "ಯಾಕೋ ಸುಮ್ನಿದ್ದೆ?" ನಾನು ಅವನ ಅಂಗಿಗಳನ್ನು ಮಡಚಿಕೊಡತೊಡಗಿದಾಗ, "ಹೋಗ್ಲಿ ಬಿಡು. ಅಮ್ಮಂಗೆ ಏನ್ ಹೇಳ್ಲಿ ಅಂತಾನೇ ತಿಳೀತಿಲ್ಲ" ಎಂದ.

ಮಕ್ಕಳೇ, ನಿಮಗೆ ಉಪದೇಶ ಮಾಡಲು ಬಂದವನು ಇದೇನು ಹೇಳುತ್ತಿದ್ದೇನೆ? ಮೂವತ್ತು ವರ್ಷದಲ್ಲಿ ಇದನ್ನು ಹೇಳಿದ್ದು ಇದೇ ಮೊದಲು. ಹೇಳಬೇಕಾಗಿದ್ದ ಕೋಣೆ ಇದಲ್ಲವೆಂದೂ ಗೊತ್ತು. ಉದ್ದಣ್ಣ ಈಗಲೂ ಯಾವುದೋ ಊರಿನ ಸಣ್ಣ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಾನಂತೆ. ಪದವಿಯಿಲ್ಲದವನು ನಕ್ಷೆಗೆ ಸಹಿ ಹಾಕುವಂತಿಲ್ಲ. ಅವನು ಬಿಡಿಸುತ್ತಾನೆ, ಹೆಸರು ಬೇರೆಯವರು ಹಾಕಿಕೊಳ್ಳುತ್ತಾರೆ.

ಕರೆದು ಕೂರಿಸಿ ಕೇಳಿದ್ದಕ್ಕೆ ಉಪಕಾರವಾಯಿತು. ದಯವಿಟ್ಟು ಚಪ್ಪಾಳೆ ಬೇಡ. ನಮಸ್ಕಾರ.